ಸಬ್ಬಸಿಗೆ ಸೊಪ್ಪಿಗೆ ಒಂದು ಜೊತೆ ಬೇಕು

ಪ್ರಶ್ನೆ: ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿ ರೊಟ್ಟಿ ಅಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಪ್ರಾಣ. ಆದರೆ ರೊಟ್ಟಿ ಬಿಟ್ಟರೆ ಆ ಸೊಪ್ಪಿನಲ್ಲಿ ಬೇರೇನು ಮಾಡಬೇಕೋ ನನಗೆ ತೋಚುವುದಿಲ್ಲ. ಕಟ್ಟು ತಂದರೆ ಅರ್ಧ ಖರ್ಚಾಗುತ್ತದೆ, ಉಳಿದರ್ಧ ಫ್ರಿಜ್ಜಿನಲ್ಲಿ ಹಳದಿಯಾಗಿ ಕಸಕ್ಕೆ ಹೋಗುತ್ತದೆ. ಒಂದು ದಿನ ಕೊತ್ತಂಬರಿ ಸೊಪ್ಪು ಇರಲಿಲ್ಲವೆಂದು ತಿಳಿಸಾರಿಗೆ ಇದನ್ನೇ ಹಾಕಿದೆ. ಔಷಧಿ ವಾಸನೆ ಅಂತ ಮಕ್ಕಳು ಮುಟ್ಟಲಿಲ್ಲ. ದಿನದ ಅಡುಗೆಯಲ್ಲಿ ಇದನ್ನು ಹೇಗೆಲ್ಲ ಬಳಸಬಹುದು? ನನ್ನ ದೊಡ್ಡ ಮಗಳು ಜರ್ಮನಿಯಲ್ಲಿದ್ದಾಳೆ. ಅಲ್ಲಿ ಡಿಲ್ ಅಂತ ಮಾರುವುದು ಇದೇ ಸೊಪ್ಪಾ?
(ಹಾಸನದ ಓದುಗರು)

ಉತ್ತರ: ತಿಳಿಸಾರಿನಿಂದಲೇ ಶುರು ಮಾಡೋಣ. ಅಲ್ಲಿ ಏನಾಯಿತು ಅಂತ ತಿಳಿದರೆ ಮಿಕ್ಕ ಅಡುಗೆಗಳು ನಿಮಗೇ ಹೊಳೆಯುತ್ತವೆ.

ಕೊತ್ತಂಬರಿ, ಸಬ್ಬಸಿಗೆ, ಜೀರಿಗೆ, ಓಮ, ಸೋಂಪು, ಕ್ಯಾರೆಟ್ ಎಲ್ಲವೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ಹಾಗಂತ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಕೊತ್ತಂಬರಿಯನ್ನು ಒಲೆ ಆರಿಸಿದ ಮೇಲೆ ಯಾವುದರ ಮೇಲೆ ಉದುರಿಸಿದರೂ ನಡೆಯುತ್ತದೆ. ಸಬ್ಬಸಿಗೆಯ ಪರಿಮಳ ಅದರ ಎಲೆಯೊಳಗಿನ ಎಣ್ಣೆಯಲ್ಲಿದೆ. ಆ ಎಣ್ಣೆ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಬೆರೆಯುತ್ತದೆ, ಶಾಖಕ್ಕೆ ಬೇಗ ಆವಿಯಾಗುತ್ತದೆ. ತೆಳ್ಳಗಿನ ಸಾರಿನ ಮೇಲೆ ತೇಲುವಾಗ ಅದನ್ನು ಹಿಡಿದಿಡಲು ಏನೂ ಇಲ್ಲ. ಹಬೆಯ ಜೊತೆ ಎದ್ದು ನೇರ ಮೂಗಿಗೆ ಬರುತ್ತದೆ, ಸಾರಿನ ರುಚಿಗೆ ಏನನ್ನೂ ಸೇರಿಸುವುದಿಲ್ಲ. ಜೊತೆಗೆ ಹುಣಸೆ, ಇಂಗು, ಸಾರಿನ ಪುಡಿ ಮೂರೂ ಜೋರಾಗಿರುವಲ್ಲಿ ಇದೂ ಸೇರಿದರೆ ಯಾವುದೂ ಯಾವುದಕ್ಕೂ ಹೊಂದುವುದಿಲ್ಲ. ಮಕ್ಕಳು ಔಷಧಿ ಅಂದದ್ದರಲ್ಲಿ ತಪ್ಪಿಲ್ಲ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ, ನಮ್ಮ ಮನೆಮನೆಗೂ ಬಂದ ಗ್ರೈಪ್ ವಾಟರಿನ ವಾಸನೆ ಬಹುಪಾಲು ಈ ಸಬ್ಬಸಿಗೆಯ ಎಣ್ಣೆಯದೇ. ಬರಿ ನೀರಿನಲ್ಲಿ ಅದು ಹಾಗೆಯೇ ನೆನಪಿಗೆ ಬರುತ್ತದೆ.

ಈಗ ಅಕ್ಕಿ ರೊಟ್ಟಿ ಯಾಕೆ ಎಲ್ಲರಿಗೂ ಇಷ್ಟ ನೋಡಿ. ಅಲ್ಲಿ ಹಿಟ್ಟಿದೆ, ಕಾಯಿತುರಿ ಇದೆ, ಮೇಲೆ ಎಣ್ಣೆ ಬೀಳುತ್ತದೆ. ಸೊಪ್ಪು ಹಿಟ್ಟಿನೊಳಗೆ ಹುದುಗಿರುವುದರಿಂದ ಪರಿಮಳ ಓಡಿ ಹೋಗುವುದಿಲ್ಲ, ಅಗಿದಾಗ ಬಾಯಲ್ಲಿ ಬಿಡುತ್ತದೆ. ನಾನು ಎಲ್ಲರಿಗೂ ಹೇಳುವುದು ಇದೊಂದೇ: ಸಬ್ಬಸಿಗೆಯನ್ನು ಮೇಲೆ ಉದುರಿಸುವ ಸೊಪ್ಪು ಅಂದುಕೊಳ್ಳಬೇಡಿ. ಅದು ಬೇಳೆ, ಕಾಳು, ಹಿಟ್ಟು, ಕಾಯಿ, ಮೊಸರು ಇವುಗಳಲ್ಲಿ ಒಂದರ ಜೊತೆ ಕೂಡಬೇಕಾದ ಸೊಪ್ಪು. ಜೊತೆ ಸರಿ ಇದ್ದರೆ ಒಂದು ಬಟ್ಟಲಲ್ಲ, ಇಡೀ ಕಟ್ಟು ಹಾಕಿದರೂ ಹೆಚ್ಚಾಗುವುದಿಲ್ಲ.

ರೊಟ್ಟಿ ನಿಮಗೆ ಬರುತ್ತದೆ, ಆದ್ದರಿಂದ ಒಂದೇ ಮಾತು. ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ, ಕಾಯಿತುರಿ, ಜೀರಿಗೆಗೆ ಉಪ್ಪು ಹಾಕಿ ಕೈಯಲ್ಲಿ ಕಿವುಚಿ ಹತ್ತು ನಿಮಿಷ ಬಿಡಿ, ಆಮೇಲೆ ಅಕ್ಕಿ ಹಿಟ್ಟು ಸೇರಿಸಿ. ಸೊಪ್ಪು ಬಿಟ್ಟ ನೀರಿನಲ್ಲೇ ಹಿಟ್ಟು ಅರ್ಧ ಕಲಸಿಕೊಳ್ಳುತ್ತದೆ, ಮೇಲೆ ಹಾಕುವ ನೀರು ಕಡಿಮೆ ಸಾಕು. ಎರಡು ಲೋಟ ಹಿಟ್ಟಿಗೆ ಹೆಚ್ಚಿದ ಸೊಪ್ಪು ಒತ್ತಿ ತುಂಬಿದ ಒಂದು ಲೋಟವಾದರೂ ಇರಲಿ. ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ ಕಾಣುವ ರೊಟ್ಟಿಗೆ ಸಬ್ಬಸಿಗೆ ರೊಟ್ಟಿ ಅನ್ನುವ ಹೆಸರು ಸಲ್ಲದು.

ನಿಮ್ಮ ಉಳಿದರ್ಧ ಕಟ್ಟು ಹೋಗಬೇಕಾದ ಜಾಗ ಬಸ್ಸಾರು. ಹಾಸನದವರಿಗೆ ಬಸ್ಸಾರು ಹೇಳಿಕೊಡಬೇಕಾಗಿಲ್ಲ, ಆದರೆ ಸಬ್ಬಸಿಗೆಯ ಬಸ್ಸಾರು ದಂಟಿನ ಸೊಪ್ಪಿನ ಬಸ್ಸಾರಿನ ಹಾಗಲ್ಲ, ಎರಡು ಕಡೆ ಕೈ ಹಿಡಿತ ಬೇಕು. ಮುಕ್ಕಾಲು ಲೋಟ ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿ, ನಾಲ್ಕು ಲೋಟದಷ್ಟು ನೀರಿನಲ್ಲಿ ಬೇಯಲು ಇಡಿ. ಕುಕ್ಕರ್ ಬೇಡ. ಬೇಳೆಯನ್ನು ಬೆರಳಲ್ಲಿ ಒತ್ತಿದರೆ ಎರಡಾಗಿ ಒಡೆಯಬೇಕು, ನುಣ್ಣಗೆ ಹಿಸುಕಬಾರದು. ಆ ಹದದಲ್ಲಿ ಹೆಚ್ಚಿದ ಸೊಪ್ಪು ಮತ್ತು ಉಪ್ಪು ಹಾಕಿ. ದಂಟು, ಕೀರೆ ಆದರೆ ಹತ್ತು ನಿಮಿಷ ಬೇಯಬೇಕು. ಸಬ್ಬಸಿಗೆಗೆ ನಾಲ್ಕೈದು ನಿಮಿಷ ಧಾರಾಳ. ಬಣ್ಣ ಎಳೆ ಹಸಿರಿನಿಂದ ಗಾಢವಾಗುತ್ತಿದ್ದಂತೆ ಇಳಿಸಿ ಬಸಿದುಬಿಡಿ. ಇದು ಮೊದಲನೆಯ ಹಿಡಿತ.

ಬಸಿದ ನೀರನ್ನು ಮೂಸಿ ನೋಡಿ. ತಿಳಿಸಾರಿನಲ್ಲಿ ಕಾಡಿದ ವಾಸನೆ ಇಲ್ಲಿ ಮೆತ್ತಗಾಗಿರುತ್ತದೆ, ಏಕೆಂದರೆ ಬೇಳೆ ಬಿಟ್ಟ ಗಂಜಿ ಅದರಲ್ಲಿದೆ. ಇನ್ನು ಮಸಾಲೆ. ಸ್ವಲ್ಪ ಎಣ್ಣೆಯಲ್ಲಿ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ ಕೆಂಪಗೆ ಹುರಿದು, ಒಂದು ಹಿಡಿ ಕಾಯಿತುರಿ, ಎರಡು ಚಮಚ ಸಾರಿನ ಪುಡಿ, ನಾಲ್ಕು ಕಾಳುಮೆಣಸು, ನೆಲ್ಲಿಕಾಯಿಯ ಅರ್ಧದಷ್ಟು ಹುಣಸೆಹಣ್ಣು ಸೇರಿಸಿ ರುಬ್ಬಿ. ರುಬ್ಬುವಾಗ ಬೆಂದ ಬೇಳೆ-ಸೊಪ್ಪಿನಿಂದ ಒಂದು ಸೌಟು ತೆಗೆದು ಅದಕ್ಕೇ ಹಾಕಿ. ಈ ಒಂದು ಸೌಟೇ ಸಾರಿಗೆ ಮೈ ಕೊಡುವುದು. ಹುಣಸೆ ಮಾತ್ರ ಬೇರೆ ಬಸ್ಸಾರಿಗೆ ಹಾಕುವುದರ ಅರ್ಧ ಇರಲಿ, ಇದು ಎರಡನೆಯ ಹಿಡಿತ. ಹುಳಿ ಮುಂದಾದರೆ ಸಬ್ಬಸಿಗೆಯ ಸಿಹಿ ಮುಖ ಕಾಣುವುದಿಲ್ಲ, ಖಾರದ ಮುಖ ಮಾತ್ರ ಉಳಿಯುತ್ತದೆ. ಬಸಿದ ನೀರಿಗೆ ಮಸಾಲೆ ಹಾಕಿ ಕುದಿಸಿ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಡಿ. ಮಿಕ್ಕ ಬೇಳೆ-ಸೊಪ್ಪಿಗೆ ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದರೆ ಪಲ್ಯ. ಬಿಸಿ ಮುದ್ದೆ, ಪಕ್ಕದಲ್ಲಿ ಈ ಪಲ್ಯ. ಮಕ್ಕಳಿಗೆ ಇನ್ನೂ ಅನುಮಾನವಿದ್ದರೆ ಮೊದಲ ಸಲ ಒಂದು ಪಾಲು ಸಬ್ಬಸಿಗೆ, ಎರಡು ಪಾಲು ದಂಟಿನ ಸೊಪ್ಪು ಹಾಕಿ ಮಾಡಿ. ನಾಲಿಗೆ ಒಗ್ಗಿದ ಮೇಲೆ ಪಾಲು ತಿರುಗಿಸಿ.

ಬೆಳಗ್ಗಿನ ತಿಂಡಿಗೆ ನುಚ್ಚಿನುಂಡೆ ಮಾಡಿ. ಸಬ್ಬಸಿಗೆ ಮತ್ತು ಬೇಳೆ ಇಷ್ಟು ಚೆನ್ನಾಗಿ ಕೂಡುವ ಅಡುಗೆ ಇನ್ನೊಂದಿಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಎಣ್ಣೆ ಬೇಕಿಲ್ಲ, ಹಿಟ್ಟು ಹುಳಿ ಬರುವವರೆಗೆ ಕಾಯಬೇಕಿಲ್ಲ. ಒಂದು ಲೋಟ ತೊಗರಿಬೇಳೆಯನ್ನೋ, ಅರ್ಧ ತೊಗರಿ ಅರ್ಧ ಕಡಲೆಬೇಳೆಯನ್ನೋ ಮೂರು ಗಂಟೆ ನೆನೆಸಿ. ಸೋರುವ ಪಾತ್ರೆಗೆ ಹಾಕಿ ನೀರು ಪೂರ್ತಿ ಇಳಿಯಲು ಬಿಡಿ. ಹೆಚ್ಚಿನವರ ಉಂಡೆ ಕೆಡುವುದು ಇಲ್ಲೇ, ಅವಸರದಲ್ಲಿ ನೀರಿನ ಸಮೇತ ಮಿಕ್ಸಿಗೆ ಹಾಕುತ್ತಾರೆ. ಹಸಿಮೆಣಸಿನಕಾಯಿ, ಶುಂಠಿ ಸೇರಿಸಿ, ನೀರು ತಾಕಿಸದೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಟ್ಟಲಿಗೆ ತೆಗೆದಾಗ ಅಲ್ಲಲ್ಲಿ ಅರೆಬೇಳೆ ಕಾಣುತ್ತಿರಬೇಕು. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಬೆರಳಿನ ಗುರುತು ಮೂಡಿ ಉಂಡೆ ನಿಲ್ಲಬೇಕು, ಅಂಗೈಗೆ ಮೆತ್ತಿಕೊಳ್ಳಬಾರದು. ಮೆತ್ತಿಕೊಂಡರೆ ಒಂದು ಚಮಚ ಅಕ್ಕಿ ಹಿಟ್ಟು ಸೇರಿಸಿ ಸರಿ ಮಾಡಿಕೊಳ್ಳಿ. ಇದಕ್ಕೆ ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಒಂದು ಲೋಟ, ಕಾಯಿತುರಿ ಅರ್ಧ ಲೋಟ, ಜೀರಿಗೆ, ಚಿಟಿಕೆ ಇಂಗು, ಉಪ್ಪು. ಉದ್ದುದ್ದ ಉಂಡೆ ಕಟ್ಟಿ ಎಣ್ಣೆ ಸವರಿದ ಇಡ್ಲಿ ತಟ್ಟೆಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿ. ಬಿಸಿ ಇರುವಾಗ ಮುರಿದು ಮೇಲೆ ತುಪ್ಪ, ಪಕ್ಕಕ್ಕೆ ಮಜ್ಜಿಗೆ ಹುಳಿ. ಉಳಿದದ್ದನ್ನು ಸಂಜೆ ಪುಡಿ ಮಾಡಿ ಒಗ್ಗರಣೆ ಕೊಟ್ಟರೆ ಅದೇ ಉಸಲಿಯಂತಾಗುತ್ತದೆ.

ಉತ್ತರ ಕರ್ನಾಟಕದ ಸಬ್ಬಸಗಿ ಪಲ್ಯ ಇನ್ನೂ ಸುಲಭ. ಅಲ್ಲಿ ತೊಗರಿಗಿಂತ ಹೆಸರುಬೇಳೆ ಹೆಚ್ಚು. ಅರ್ಧ ಲೋಟ ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿ. ಬಾಣಲೆಯಲ್ಲಿ ಎಣ್ಣೆ ಸ್ವಲ್ಪ ಮುಂದಾಗಿಯೇ ಹಾಕಿ, ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿದ್ದು, ಅರಿಶಿನ. ಬೇಳೆ ಹಾಕಿ ಒಂದು ಸಲ ಕೈಯಾಡಿಸಿ, ಮೇಲೆ ಇಡೀ ಕಟ್ಟು ಸೊಪ್ಪು, ಉಪ್ಪು. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ನೀರು ಹಾಕಬೇಡಿ, ಬೇಳೆಯ ನೆನೆಯೂ ಸೊಪ್ಪಿನ ನೀರೂ ಸಾಕು. ತಳ ಹಿಡಿಯುವಂತಿದ್ದರೆ ಮುಚ್ಚಳದ ಮೇಲೆ ಸ್ವಲ್ಪ ನೀರು ನಿಲ್ಲಿಸಿ. ಜೋಳದ ರೊಟ್ಟಿಗೂ ಸರಿ, ಚಪಾತಿಗೂ ಸರಿ, ಡಬ್ಬಿಗೂ ಸರಿ. ಹುಳಿ ಇಲ್ಲದ ಪಲ್ಯವಾದ್ದರಿಂದ ಸಬ್ಬಸಿಗೆಯ ಪೂರ್ತಿ ರುಚಿ ತಿಳಿಯುವುದು ಇದರಲ್ಲೇ. ತಾಲಿಪಟ್ಟಿನ ಹಿಟ್ಟಿಗೂ ಈ ಸೊಪ್ಪು ಹಾಗೆಯೇ ಹೊಂದುತ್ತದೆ.

ಡಿಸೆಂಬರ್, ಜನವರಿ ಬಂತೆಂದರೆ ಸೊಗಡಿನ ಅವರೆಕಾಯಿ ಬರುತ್ತದೆ. ಆಗ ಸಬ್ಬಸಿಗೆ ಇಲ್ಲದೆ ಅವರೆಕಾಳಿನ ಅಡುಗೆ ಮಾಡುವುದು ನನ್ನ ಮಟ್ಟಿಗೆ ಅನ್ಯಾಯ. ಉಪ್ಪಿಟ್ಟಿಗೆ, ರೊಟ್ಟಿಗೆ, ಹುಳಿಗೆ ಎರಡನ್ನೂ ಹಾಕುತ್ತೀರಿ. ಅನ್ನಕ್ಕೂ ಹಾಕಿ ನೋಡಿ. ತುಪ್ಪದಲ್ಲಿ ಈರುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಬಾಡಿಸಿ, ಒಂದು ಲೋಟ ಎಳೆ ಅವರೆಕಾಳು, ನೆನೆಸಿದ ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಸಬ್ಬಸಿಗೆ, ಉಪ್ಪು, ಎರಡು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಎರಡು ಕೂಗು. ಮುಚ್ಚಳ ತೆಗೆದ ಕೂಡಲೇ ಇನ್ನೂ ಅರ್ಧ ಲೋಟ ಹಸಿ ಸೊಪ್ಪನ್ನು, ಒಂದು ಚಮಚ ತುಪ್ಪವನ್ನು ಅನ್ನದ ಮೇಲೆ ಹಾಕಿ ಮತ್ತೆ ಐದು ನಿಮಿಷ ಮುಚ್ಚಿಡಿ. ಮೊದಲು ಹಾಕಿದ್ದು ಅನ್ನಕ್ಕೂ ಕಾಳಿಗೂ ಇಳಿದಿರುತ್ತದೆ, ಆಮೇಲೆ ಹಾಕಿದ್ದು ಪರಿಮಳ ಉಳಿಸುತ್ತದೆ. ಚಕ್ಕೆ ಲವಂಗ ಹಾಕಬೇಡಿ, ಅವು ಬಂದರೆ ಸೊಗಡು ಮರೆಯಾಗುತ್ತದೆ. ಇರಾನಿನಲ್ಲಿ ಬಾಘಾಲಿ ಪೊಲೋ ಅನ್ನುವ ಅನ್ನದ ಅಡುಗೆ ಇದೆ. ಅಕ್ಕಿ, ಅವರೆಯಂತೆಯೇ ಸಿಪ್ಪೆ ಸುಲಿದು ಹಾಕುವ ಫಾವಾ ಕಾಳು, ರಾಶಿ ಸಬ್ಬಸಿಗೆ. ಮಾಂಸದ ಜೊತೆಗೂ ಬಡಿಸುತ್ತಾರೆ. ನಮ್ಮ ಅವರೆಕಾಯಿಯ ಪರಿಚಯವಿಲ್ಲದ ಊರಿನ ಅಡುಗೆಯವರೂ ಈ ಸೊಪ್ಪಿಗೆ ಇಂಥದೇ ಕಾಳನ್ನು ಜೊತೆ ಮಾಡಿದ್ದಾರಲ್ಲ ಅನ್ನುವುದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಇವಿಷ್ಟು ಕಟ್ಟು ಖಾಲಿ ಮಾಡುವ ಅಡುಗೆಗಳಾದವು. ಒಂದು ಹಿಡಿ ಮಾತ್ರ ಉಳಿದಿದ್ದರೆ ದೋಸೆ ಹಿಟ್ಟಿನ ಕೊನೆಯ ಎರಡು ಸೌಟಿಗೆ ಸೇರಿಸಿ ಪಡ್ಡು ಹುಯ್ಯಿರಿ. ಆಂಬೊಡೆ ಹಿಟ್ಟಿಗೆ ಹಾಕಿ. ರವೆ ಇಡ್ಲಿಗೆ ಹಾಕಿ. ಆಲೂಗೆಡ್ಡೆ ಪಲ್ಯ ಇಳಿಸುವ ಎರಡು ನಿಮಿಷ ಮುಂಚೆ ಹಾಕಿ. ಉತ್ತರ ಭಾರತದಲ್ಲಿ ಸೋಯಾ ಆಲೂ ಅಂತ ಇದನ್ನೇ ಮಾಡುತ್ತಾರೆ. ಮೊಟ್ಟೆ ತಿನ್ನುವವರಾದರೆ ಆಮ್ಲೆಟ್ಟಿಗೆ, ಮಾಂಸ ಮಾಡುವವರಾದರೆ ಖೀಮಾಕ್ಕೆ. ಬೇಸಿಗೆಯಲ್ಲಿ ಸೌತೆಕಾಯಿ ತುರಿದು ನೀರು ಹಿಂಡಿ, ಗಟ್ಟಿ ಮೊಸರು, ಉಪ್ಪು, ಒಂದು ಚಮಚ ಹಸಿ ಸಬ್ಬಸಿಗೆ ಬೆರೆಸಿ ಸಾಸಿವೆ ಒಗ್ಗರಣೆ ಕೊಟ್ಟರೆ ಮೊಸರು ಬಜ್ಜಿ. ಹಸಿಯಾಗಿ ತಿನ್ನುವಾಗ ಮಾತ್ರ ಕಡಿಮೆ ಹಾಕಬೇಕು, ಎಳೆಯ ತುದಿಗಳನ್ನೇ ಹಾಕಬೇಕು, ಅರ್ಧ ಗಂಟೆ ಮುಂಚೆ ಬೆರೆಸಿಡಬೇಕು. ಮೊಸರಿನ ಜಿಡ್ಡಿಗೆ ಪರಿಮಳ ಇಳಿಯಲು ಅಷ್ಟು ಹೊತ್ತು ಬೇಕು.

ಪುದೀನ ಮತ್ತು ಸಬ್ಬಸಿಗೆ ಒಂದೇ ಪಾತ್ರೆಗೆ ಬೇಡ. ಸಬ್ಬಸಿಗೆ ಹಾಕಿದಾಗ ಕೊತ್ತಂಬರಿಯೂ ಬೇಡ. ಅಭ್ಯಾಸಬಲದಿಂದ ಕೊನೆಗೆ ಉದುರಿಸುವವರಿದ್ದಾರೆ, ಅದರಿಂದ ಎರಡೂ ಮಂಕಾಗುತ್ತವೆ. ಸೊಪ್ಪು ಸಿಗಲಿಲ್ಲವೆಂದು ಸಬ್ಬಸಿಗೆ ಬೀಜ ಹಾಕುವುದೂ ಸರಿಯಲ್ಲ. ಬೀಜದ ವಾಸನೆ ಮುಖ್ಯವಾಗಿ ಕಾರ್ವೋನ್ ಎಂಬ ಬೇರೆಯೇ ಅಂಶದಿಂದ ಬರುತ್ತದೆ. ಅದು ಉಪ್ಪಿನಕಾಯಿಗೆ ಒಪ್ಪುತ್ತದೆ, ರೊಟ್ಟಿಗಲ್ಲ.

ಇನ್ನು ಹಳದಿಯಾಗುವ ವಿಚಾರ. ಕೊಳ್ಳುವಾಗಲೇ ಅರ್ಧ ಉತ್ತರ ಸಿಗುತ್ತದೆ. ಎಲೆ ಗರಿಗರಿಯಾಗಿ, ದಂಟು ಉಗುರಿಗೆ ಸುಲಭವಾಗಿ ಮುರಿಯುವಂತಿರಬೇಕು. ನೆತ್ತಿಯಲ್ಲಿ ಹಳದಿ ಹೂವಿನ ಛತ್ರಿ ಮೂಡಿದ್ದರೆ ಆ ಕಟ್ಟು ಬಿಡಿ. ದಂಟು ನಾರಾಗಿರುತ್ತದೆ, ಎಲೆಯ ರುಚಿ ಇಳಿದಿರುತ್ತದೆ. ಮನೆಗೆ ತಂದ ಕೂಡಲೇ ದಾರ ಬಿಚ್ಚಿ. ಕಟ್ಟಿದ್ದ ಜಾಗದಲ್ಲೇ ಮೊದಲು ಕೊಳೆಯುವುದು. ತೊಳೆಯದೆ, ಬೇರು ಕತ್ತರಿಸಿ, ಹಳದಿ ಎಲೆ ಆರಿಸಿ, ಒಣ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನ ತರಕಾರಿ ಅರೆಯಲ್ಲಿಟ್ಟರೆ ನಾಲ್ಕೈದು ದಿನ ಕೆಡುವುದಿಲ್ಲ. ತೊಳೆಯುವುದು ಹೆಚ್ಚುವ ಮುಂಚೆ ಮಾತ್ರ. ನಲ್ಲಿ ಕೆಳಗೆ ಹಿಡಿದರೆ ಈ ಸಣ್ಣ ಎಲೆಯ ನಡುವಿನ ಮರಳು ಹೋಗದು. ಅಗಲ ಪಾತ್ರೆಯಲ್ಲಿ ನೀರು ತುಂಬಿ ಅದ್ದಿ ಆಡಿಸಿ, ಒಂದು ನಿಮಿಷ ಬಿಟ್ಟು ಸೊಪ್ಪನ್ನು ಮೇಲಕ್ಕೆತ್ತಿ. ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ತಳಕ್ಕಿಳಿದ ಮರಳು ಮತ್ತೆ ಸೊಪ್ಪಿಗೇ ಬರುತ್ತದೆ. ತಳದಲ್ಲಿ ಮರಳು ಕಾಣದಾಗುವವರೆಗೆ ನೀರು ಬದಲಿಸಿ.

ಹೆಚ್ಚಿಗೆ ಸಿಕ್ಕಿದರೆ ತೊಳೆದು, ಬಟ್ಟೆಯ ಮೇಲೆ ನೀರಾರಿಸಿ, ಹೆಚ್ಚಿ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಬಣ್ಣ ಸ್ವಲ್ಪ ಮಾಸುತ್ತದೆ, ರೊಟ್ಟಿಗೂ ಬಸ್ಸಾರಿಗೂ ಪರಿಮಳಕ್ಕೆ ಕೊರತೆಯಾಗದು. ಒಣಗಿಸಿಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ; ಎಲೆ ಉಳಿಯುತ್ತದೆ, ವಾಸನೆ ಹಾರಿಹೋಗುತ್ತದೆ. ಹಿತ್ತಿಲೋ ಒಂದೆರಡು ಕುಂಡವೋ ಇದ್ದರೆ ಬೀಜವನ್ನು ನೇರ ಅಲ್ಲೇ ಬಿತ್ತಿ. ತಾಯಿಬೇರು ಆಳಕ್ಕಿಳಿಯುವ ಗಿಡವಾದ್ದರಿಂದ ಕಿತ್ತು ನೆಟ್ಟರೆ ಚೇತರಿಸಿಕೊಳ್ಳುವುದು ಕಷ್ಟ. ಅಕ್ಟೋಬರಿನಿಂದ ಜನವರಿಯವರೆಗೆ ಹದಿನೈದು ದಿನಕ್ಕೊಮ್ಮೆ ಒಂದೊಂದು ಹಿಡಿ ಬಿತ್ತುತ್ತ ಬಂದರೆ ಒಂದೇ ಸಲ ಬರುವ ರಾಶಿಯ ಬದಲು ಬೇಕೆಂದಾಗ ಒಂದಿಷ್ಟು ಎಳೆಸೊಪ್ಪು ಸಿಗುತ್ತದೆ. ಬಿಸಿಲು ಏರಿದ ಮೇಲೆ ಗಿಡ ಬೇಗ ಹೂವಿಗೆ ಹೋಗುತ್ತದೆ.

ನಿಮ್ಮ ಮಗಳ ವಿಚಾರಕ್ಕೆ ಬರುತ್ತೇನೆ. ಜರ್ಮನಿಯಲ್ಲಿ ಡಿಲ್ ಅಂತ ಸಿಗುವುದು ಇದೇ ಜಾತಿಯ ಸೊಪ್ಪು, ಅನೇತಮ್ ಗ್ರೇವಿಯೋಲೆನ್ಸ್. ಭಾರತದ ತಳಿಯನ್ನು ಹಿಂದೆ ಬೇರೆ ಜಾತಿ ಅಂತಲೇ ಕೆಲವರು ಎಣಿಸುತ್ತಿದ್ದರು. ನಮ್ಮದರ ಘಾಟು ಹೆಚ್ಚು, ಅಲ್ಲಿಯದು ಸ್ವಲ್ಪ ಸೌಮ್ಯ. ಆದ್ದರಿಂದ ನೀವು ಒಂದು ಲೋಟ ಹಾಕುವ ಕಡೆ ಅವಳು ಒಂದೂವರೆ ಹಾಕಲಿ. ಸೂಪರ್ ಮಾರ್ಕೆಟ್ಟಿನಲ್ಲಿ ನಾಲ್ಕು ಕಡ್ಡಿಯ ಸಣ್ಣ ಕಟ್ಟು ಸಿಗುತ್ತದೆ, ಸೌತೆಕಾಯಿ ಸಲಾಡಿಗೂ ಮೀನಿಗೂ ಅಲ್ಲಿನವರಿಗೆ ಅಷ್ಟು ಸಾಕು. ನಮ್ಮ ಲೆಕ್ಕಕ್ಕೆ ಅದು ಯಾವ ಮೂಲೆಗೂ ಸಾಲದು. ಹತ್ತಿರ ಟರ್ಕಿಯವರ ತರಕಾರಿ ಅಂಗಡಿ ಇದ್ದರೆ ಅಲ್ಲಿ ಹೋಗಿ ದೆರೆವೊತು ಅಂತ ಕೇಳಲಿ, ದೊಡ್ಡ ಕಟ್ಟು ಸಿಗುತ್ತದೆ. ಅದೇ ಅಂಗಡಿಯಲ್ಲಿ ಹಸಿ ಫಾವಾ ಕಾಳು ಕಂಡರೆ ತರಲಿ. ಬಿಸಿನೀರಿನಲ್ಲಿ ಎರಡು ನಿಮಿಷ ಹಾಕಿ ತೆಗೆದು ಹಿಂಡಿದರೆ ಸಿಪ್ಪೆ ಬಿಟ್ಟು ಹಿತಕಿದ ಅವರೆಯಂತೆ ಒಳಗಿನ ಹಸಿರು ಬೇಳೆ ಹೊರಬರುತ್ತದೆ. ಮೇಲೆ ಹೇಳಿದ ಅನ್ನಕ್ಕೆ ಅದು ಸರಿಯಾಗುತ್ತದೆ. ಹೆಚ್ಚಿ ಫ್ರೀಜ್ ಮಾಡಿದ ಡಿಲ್ ಡಬ್ಬಿಯೂ ಅಲ್ಲಿ ಮಾರುತ್ತಾರೆ. ರೊಟ್ಟಿಗೆ ಅದನ್ನು ಕರಗಿಸದೆ ಹಾಗೆಯೇ ಹಿಟ್ಟಿಗೆ ಹಾಕಿ ಕಲಸಲಿ, ನೀರನ್ನು ಮಾತ್ರ ಆಮೇಲೆ ನೋಡಿಕೊಂಡು ಹಾಕಲಿ. ಮಸಾಲೆ ಸಾಲಿನಲ್ಲಿ ಬಾಟಲಿಯಲ್ಲಿ ಸಿಗುವ ಒಣ ಡಿಲ್ಲಿಗೆ ದುಡ್ಡು ಹಾಕುವುದು ಬೇಡ.